ಲೈಸೆನ್ಸ್ ಇರುವುದು ನಿಮಗೆ, ಗ್ಲಾಸಿಗಲ್ಲ

ಶನಿವಾರ ರಾತ್ರಿ ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ನಮ್ಮ ಮಚ್ಛೆ ಕಡೆ ಬರುವವರಿಗೆ ಒಂದು ಅಂದಾಜು ಇದ್ದೇ ಇರುತ್ತದೆ. ಉದ್ಯಮಬಾಗ ದಾಟಿದ ಮೇಲೆ ಎಲ್ಲೋ ಒಂದು ಕಡೆ ಬ್ಯಾರಿಕೇಡ್ ಇರಬಹುದು, ಪೊಲೀಸರು ಗಾಡಿ ನಿಲ್ಲಿಸಿ ಬಾಯಿಗೆ ಮಷೀನ್ ಹಿಡಿದು ‘ಊದ್ರಿ’ ಅನ್ನಬಹುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿತೋ, ಕೇಸು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಮಿತಿ 80 ಮಿಲಿಗ್ರಾಂ. ಅಂದರೆ ಕುಡಿದು ಗಾಡಿ ಓಡಿಸುವ ವಿಷಯದಲ್ಲಿ, ಕಾಗದದ ಮೇಲಾದರೂ, ನಾವು ಅವರಿಗಿಂತ ಬಿಗಿ.

ಈಗ ಅದೇ ರಸ್ತೆಯಲ್ಲಿ ಒಂದು ಕಾರು ಬರುತ್ತಿದೆ ಅಂದುಕೊಳ್ಳಿ. ಓಡಿಸುವವನು ಒಂದು ಹನಿಯನ್ನೂ ಮುಟ್ಟಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಮಾಲೀಕರು ನಾಲ್ಕು ಪೆಗ್ ಹಾಕಿದ್ದಾರೆ, ಸೊಂಟದಲ್ಲಿ ಲೈಸೆನ್ಸ್ ಇರುವ ಪಿಸ್ತೂಲ್ ಇದೆ. ಡ್ರೈವರ್ ಊದುತ್ತಾನೆ, ಸೊನ್ನೆ ಬರುತ್ತದೆ, ಕಾರು ಮುಂದೆ ಹೋಗುತ್ತದೆ. ಸ್ಟೇರಿಂಗ್ ಹಿಡಿಯುವ ಕೈಗೆ ಕಾನೂನು ಒಂದು ಅಂಕಿ ಕೊಟ್ಟಿದೆ. ಟ್ರಿಗರ್ ಮೇಲೆ ಹೋಗಬಹುದಾದ ಕೈಗೆ ಅಂಥದ್ದೊಂದು ಅಂಕಿ 1959ರ ಆಯುಧ ಕಾಯ್ದೆಯಲ್ಲೂ ಇಲ್ಲ, 2016ರ ಆಯುಧ ನಿಯಮಗಳಲ್ಲೂ ಇಲ್ಲ.

ಹಾಗಂತ ಕಾನೂನು ಸುಮ್ಮನೆ ಕೂತಿದೆ ಅಂತಲ್ಲ. 2016ರ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲ್ ಒಯ್ಯುವುದಾದರೆ ಅದು ಹೋಲ್‌ಸ್ಟರ್‌ನಲ್ಲಿ ಅಥವಾ ಅಂಥ ಚೀಲದಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವನಿಗೆ ಅದರ ಮೇಲೆ ಪರಿಣಾಮಕಾರಿ ಹಿಡಿತ ಇರಬೇಕು. ಬೀಸಿ ತೋರಿಸುವಂತಿಲ್ಲ, ಗಾಳಿಯಲ್ಲಿ ಹಾರಿಸುವಂತಿಲ್ಲ, ಖಾಲಿ ಮದ್ದಿನ ಸದ್ದು ಕೂಡ ಮಾಡುವಂತಿಲ್ಲ. ತಪ್ಪಿದರೆ ಲೈಸೆನ್ಸ್ ಹೋಗುತ್ತದೆ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ‘ಪರಿಣಾಮಕಾರಿ ಹಿಡಿತ’ ಅನ್ನುವ ಎರಡು ಪದ. ನಾಲ್ಕು ಪೆಗ್ ಆದವನಿಗೆ ತನ್ನ ಮೊಬೈಲ್ ಮೇಲೇ ಹಿಡಿತ ಇರುವುದಿಲ್ಲ, ಹಳೇ ಗೆಳತಿಗೆ ಮೆಸೇಜ್ ಹೋಗಿರುತ್ತದೆ!

ಲೈಸೆನ್ಸ್ ಪುಸ್ತಕದ ಷರತ್ತುಗಳನ್ನು ಓದಿದರೆ ಇನ್ನೊಂದು ಕಾಣುತ್ತದೆ. ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ನಮ್ಮ ಮಚ್ಛೆಯಲ್ಲೇ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗೇಟಿನೊಳಗೆ ಪಿಸ್ತೂಲ್ ಹೋಗುವಂತಿಲ್ಲ, ಸರಿ. ಆದರೆ ಆ ಪಟ್ಟಿಯಲ್ಲಿ ಬಾರ್ ಅನ್ನುವ ಪದ ಇಲ್ಲ. ಧಾಬಾ ಇಲ್ಲ, ಕ್ಲಬ್ ಇಲ್ಲ, ಪಾರ್ಟಿ ಲಾನ್ ಇಲ್ಲ. ಈ ಷರತ್ತು ಬರೆದವರ ಕಾಲದಲ್ಲಿ ಗುಂಪು ಅಂದರೆ ಜಾತ್ರೆ, ಮೆರವಣಿಗೆ. ಈಗ ಜಾತ್ರೆಯಷ್ಟು ಜನ ವೀಕೆಂಡಿಗೆ ಲಾನ್‌ನಲ್ಲೇ ಸೇರುತ್ತಾರೆ.

ನಮ್ಮ ಕಡೆ ಬಂದೂಕು ಅಪರೂಪದ ವಸ್ತುವೇನಲ್ಲ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಹಂದಿ, ಕಾಡುಕೋಣದ ಕಾಟಕ್ಕೆ ಬೆಳೆ ರಕ್ಷಣೆಯ ಬಂದೂಕುಗಳಿವೆ. ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಊರು, ಮಚ್ಛೆಯಲ್ಲಿ ಕೆಎಸ್‌ಆರ್‌ಪಿ ಎರಡನೇ ಪಡೆಯಿದೆ. ನಿವೃತ್ತ ಫೌಜಿಗಳು ಸ್ವಂತ ಲೈಸೆನ್ಸಿನ ಡಬಲ್ ಬ್ಯಾರಲ್ ಹಿಡಿದು ಬ್ಯಾಂಕಿನ ಬಾಗಿಲಲ್ಲಿ ಕೂರುವುದನ್ನು ಎಲ್ಲರೂ ನೋಡಿದ್ದೀರಿ. ಇವರಿಂದ ನನಗೆ ಅಷ್ಟು ಭಯವಿಲ್ಲ. ಭಯ ಇರುವುದು ಮೂರನೇ ಥರದವರಿಂದ. ಜಮೀನು, ಕಾಂಟ್ರ್ಯಾಕ್ಟು, ರಾಜಕೀಯ, ಇವುಗಳ ನಡುವೆ ಓಡಾಡುತ್ತ ಸೊಂಟಕ್ಕೊಂದು ಪಿಸ್ತೂಲ್ ಸಿಕ್ಕಿಸಿಕೊಂಡವರು. ಅವರಿಗೆ ಅದು ಆಯುಧಕ್ಕಿಂತ ಹೆಚ್ಚಾಗಿ ವಿಸಿಟಿಂಗ್ ಕಾರ್ಡು.

ನಮ್ಮ ಕಾಕಾ ಎರಡನೇ ಥರದವರು. ಫೌಜಿನಲ್ಲಿ ಸೇವೆ ಮುಗಿಸಿ ಬಂದು ಒಂದಷ್ಟು ವರ್ಷ ಗಾರ್ಡ್ ಕೆಲಸ ಮಾಡಿದವರು. ದಿನಾ ಸಂಜೆ ಒಂದೇ ಒಂದು ರಮ್, ಅದೂ ಊಟಕ್ಕೆ ಮುಂಚೆ. ಒಮ್ಮೆ ನಾನು ಕೇಳಿದ್ದೆ, ಫೌಜಿನಲ್ಲಿ ಎಲ್ಲರ ಕೈಯಲ್ಲೂ ರೈಫಲ್, ಎಲ್ಲರಿಗೂ ಕ್ಯಾಂಟೀನ್ ರಮ್, ಹಾಗಿದ್ದೂ ದಿನಕ್ಕೊಂದು ಅನಾಹುತ ಯಾಕೆ ಆಗುವುದಿಲ್ಲ ಅಂತ.

“ತಮ್ಮಾ, ರಮ್ ಬರೂ ಹೊತ್ತಿಗೆ ರೈಫಲ್ ಕೋತ್‌ನ್ಯಾಗ ಇರತೈತಿ. ಕೋತ್‌ಗೆ ಕೀಲಿ. ಕೀಲಿಗೊಂದು ರಜಿಸ್ಟರ್. ನಾ ಎಷ್ಟ ಶಾಣ್ಯಾ ಅಂತ ಯಾರೂ ಕೇಳಂಗಿಲ್ಲ ಅಲ್ಲಿ.”

ಕೋತ್ ಅಂದರೆ ಸೇನೆಯ ಆಯುಧ ಕೋಣೆ. ಪೊಲೀಸರಲ್ಲಿ ಅದಕ್ಕೆ ಬೆಲ್ ಆಫ್ ಆರ್ಮ್ಸ್ ಅನ್ನುತ್ತಾರೆ. ಆಯುಧ ಹಿಡಿಯುವುದನ್ನೇ ಕಸುಬು ಮಾಡಿಕೊಂಡವರು, ವರ್ಷಗಟ್ಟಲೆ ತರಬೇತಿ ಪಡೆದವರು ಕೂಡ ಬಂದೂಕಿಗೂ ಬಾಟಲಿಗೂ ನಡುವೆ ಒಂದು ಬೀಗ ಇಟ್ಟುಕೊಂಡಿದ್ದಾರೆ. ನಮ್ಮ ಐಟಿ ಕೆಲಸದಲ್ಲೂ ಇದೇ ಅಲ್ಲವೇ? ಹತ್ತು ವರ್ಷ ಅನುಭವದ ಎಂಜಿನಿಯರ್‌ಗೂ ಪ್ರೊಡಕ್ಷನ್ ಡೇಟಾಬೇಸ್ ಅಳಿಸುವ ಪರ್ಮಿಷನ್ ಸದಾ ಕೈಯಲ್ಲಿ ಕೊಟ್ಟಿರುವುದಿಲ್ಲ. ಅವನ ಮೇಲೆ ಸಿಟ್ಟಿದೆ ಅಂತಲ್ಲ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಅವನೂ ಬೇರೆಯೇ ಮನುಷ್ಯ, ಅದಕ್ಕೆ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗನ ಎಂಗೇಜ್‌ಮೆಂಟ್ ಆಯಿತು. ಹೆಂಗಸರು, ಹಿರಿಯರು ಮನೆಗೆ ಹೋದ ಮೇಲೆ ಗಂಡಸರಿಗೆ ಖಾನಾಪುರ ರಸ್ತೆಯ ಒಂದು ಗಾರ್ಡನ್ ರೆಸ್ಟೋರೆಂಟಿನಲ್ಲಿ ಪಾರ್ಟಿ. ಕನ್ನಡ, ಮರಾಠಿ ಎರಡರಲ್ಲೂ ಜೋಕು ಹಾರುತ್ತಿದ್ದವು. ಬೀಗರ ಕಡೆಯ ಒಬ್ಬರು, ಪ್ಲಾಟ್ ವ್ಯವಹಾರದವರು, ಕುರ್ಚಿಯಲ್ಲಿ ಕೂರುವಾಗ ಸೊಂಟಕ್ಕೆ ಚುಚ್ಚುತ್ತದೆ ಅಂತ ಪಿಸ್ತೂಲ್ ತೆಗೆದು ಟೇಬಲ್ ಮೇಲೆ ಇಟ್ಟರು. ಶೇಂಗಾ ಪ್ಲೇಟಿನ ಪಕ್ಕ, ಸಹಜವಾಗಿ, ಕಾರಿನ ಕೀಲಿ ಇಟ್ಟ ಹಾಗೆ.

ಆಮೇಲೆ ನಡೆದದ್ದೇ ನೋಡುವಂಥದ್ದು. ಹುಡುಗರು ಒಬ್ಬೊಬ್ಬರಾಗಿ ಆ ಟೇಬಲ್ ಸುತ್ತ ಸೇರಿದರು. ಒಬ್ಬ ಸೆಲ್ಫಿ ತೆಗೆದ. ಇನ್ನೊಬ್ಬ, “ಮಾಮಾ, ಒಂದ್ ರೀಲ್ ಮಾಡ್ಲೇನ್ರಿ?” ಅಂದ. ವೇಟರ್ ಹುಡುಗ ಆ ಟೇಬಲ್ಲಿಗೆ ಬರುವುದನ್ನೇ ಬಿಟ್ಟ, ದೂರದಿಂದ ನೋಡಿ ಬೇರೆ ಕಡೆ ತಿರುಗಿದ. ಮಾಲೀಕರು ಕೌಂಟರಿನಲ್ಲಿ ಬಿಲ್ ನೋಡುತ್ತಿರುವಂತೆ ನಟಿಸುತ್ತಿದ್ದರು. ಯಾರಿಗೂ ಏನೂ ಹೇಳುವ ಧೈರ್ಯ ಇಲ್ಲ, ಬೀಗರಲ್ಲವೇ.

ಕಾಕಾ ಎದ್ದು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತರು. ದನಿ ಏರಿಸಲಿಲ್ಲ.

“ಸಾವಕಾರ್ರ, ಟೇಬಲ್ ಮ್ಯಾಲ ಗ್ಲಾಸರೆ ಇರಲಿ, ಇದರೆ ಇರಲಿ. ಎರಡೂ ಬ್ಯಾಡ್ರಿ.”

“ಲೈಸೆನ್ಸ್ ಐತ್ರಿ ಕಾಕಾ. ಕಾಗದಾ ತೋರಸ್ಲೇನು?”

“ಲೈಸೆನ್ಸ್ ನಿಮಗೈತ್ರಿ. ಗ್ಲಾಸಿಗಿಲ್ಲ.”

ಅವರು ನಕ್ಕರು. ಲೋಡ್ ಆಗಿಲ್ಲ ಅಂದರು. “ಅದನ್ನ ಈಗ ತೆಗದು ನೋಡೋರು ಯಾರ್ರಿ? ಎರಡು ಗ್ಲಾಸ್ ಆದ ನೀವೇನು?” ಅಂದರು ಕಾಕಾ. ಆಗ ನಗು ನಿಂತಿತು.

ಮುಂದಿನ ಹತ್ತು ನಿಮಿಷ ಚರ್ಚೆಯಾದದ್ದು, ಹಾಗಾದರೆ ಇದನ್ನು ಇಡುವುದು ಎಲ್ಲಿ ಅಂತ. ಇದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ, ಕಾಕಾ ಬಿಟ್ಟು. ಡ್ರೈವರ್ ಕೈಗೆ ಕೊಡೋಣವೇ? ಲೈಸೆನ್ಸ್ ಇಲ್ಲದವನ ಕೈಗೆ ಆಯುಧ ಕೊಡುವುದೇ ಅಪರಾಧ, ಕೊಟ್ಟವರ ಮೇಲೂ ಕೇಸು. ಕಾಕಾಗೆ ಲೈಸೆನ್ಸ್ ಇದೆಯಲ್ಲ, ಅವರಿಟ್ಟುಕೊಳ್ಳಲಿ? ಅವರ ಲೈಸೆನ್ಸ್ ಅವರ ಬಂದೂಕಿಗೆ, ಈ ಪಿಸ್ತೂಲಿಗಲ್ಲ. ಕಾರಿನ ಡಿಕ್ಕಿ? ಕಾರು ಹೋದರೆ ಪಿಸ್ತೂಲೂ ಹೋಯಿತು, ಆಮೇಲೆ ಅದು ಯಾರ ಕೈಯಲ್ಲಿ ಏನು ಮಾಡಿದರೂ ಮೊದಲು ಹುಡುಕುವುದು ನಿಮ್ಮನ್ನೇ. ರೆಸ್ಟೋರೆಂಟಿನ ಕ್ಯಾಶ್ ಡ್ರಾಯರ್? ಮಾಲೀಕರು ಕೈಮುಗಿದರು. ಉಳಿದದ್ದು ಒಂದೇ ದಾರಿ: ಅವರೇ ಅದನ್ನು ತೆಗೆದುಕೊಂಡು, ಡ್ರೈವರ್ ಜೊತೆ ಮನೆಗೆ ಹೋಗಿ, ಕಪಾಟಿನಲ್ಲಿಟ್ಟು ಬರುವುದು. ಹೋದರು. ಬರಲಿಲ್ಲ.

ಅಪ್ಪನಿಗೆ ಕಾಕಾನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ತಿಂಗಳು ಸರಿಯಾಗಿ ಮಾತಿಲ್ಲ. “ಬೀಗರನ್ನ ಊಟದಿಂದ ಎಬ್ಬಸ್ತಾರೇನು?” ಅನ್ನುವುದೇ ಅವರ ವಾದ. ಮದುವೆ ಮುರಿದುಬಿದ್ದರೆ ಏನು ಗತಿ ಅನ್ನುವ ಹೆದರಿಕೆ ನಿಜವಾಗಿಯೂ ಇತ್ತು. ಮದುವೆಯಾಯಿತು, ಆದರೆ ಆ ಮನುಷ್ಯ ಮದುವೆಗೆ ಬರಲಿಲ್ಲ. ನಾನು ಕಾಕಾನ ಕಡೆಗೇ ಇದ್ದೆ, ಈಗಲೂ ಇದ್ದೇನೆ. ಆದರೆ ಅಪ್ಪನ ಕಷ್ಟವೂ ಅರ್ಥವಾಗುತ್ತದೆ. ನಮ್ಮಲ್ಲಿ ಪಿಸ್ತೂಲ್ ಇಟ್ಟುಕೊಂಡು ಬಂದವರು ಸಾಮಾನ್ಯವಾಗಿ ದೊಡ್ಡ ಮನುಷ್ಯರೇ ಆಗಿರುತ್ತಾರೆ, ಅವರಿಗೆ ಹೇಳಬೇಕಾದವರು ಸಣ್ಣವರು.

‘ಏನೂ ಆಗಿರಲಿಲ್ಲವಲ್ಲ’ ಅನ್ನುವವರಿಗೆ ಶಿವಮೊಗ್ಗದ ವಿದ್ಯಾನಗರ ನೆನಪಿಸಬೇಕು. 2022ರ ಡಿಸೆಂಬರ್ 31ರ ರಾತ್ರಿ, ಒಂದು ಮನೆಯಲ್ಲಿ ಹೊಸ ವರ್ಷದ ಪಾರ್ಟಿ. ಹನ್ನೆರಡು ಗಂಟೆಗೆ ಗಾಳಿಯಲ್ಲಿ ಗುಂಡು ಹಾರಿಸಬೇಕು ಅಂತ ಮನೆಯ ಹಿರಿಯರು ಬಂದೂಕಿಗೆ ಗುಂಡು ತುಂಬುತ್ತಿದ್ದರು. ಅದು ಹಾರಿ ಮಗನ ಗೆಳೆಯನಿಗೆ ತಗುಲಿತು. ಅದನ್ನು ಕಂಡ ಆಘಾತಕ್ಕೆ ಆ ಹಿರಿಯರು ಹೃದಯಾಘಾತವಾಗಿ ತೀರಿಕೊಂಡರು. ಗುಂಡು ತಗುಲಿದ ಯುವಕನೂ ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಅಲ್ಲಿ ಯಾರಿಗೂ ಯಾರ ಮೇಲೂ ದ್ವೇಷ ಇರಲಿಲ್ಲ, ಸಂಭ್ರಮ ಇತ್ತು ಅಷ್ಟೇ.

ಅದಕ್ಕೂ ಮುಂಚೆ, 2016ರ ಡಿಸೆಂಬರ್‌ನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಮದುವೆಯೊಂದರಲ್ಲಿ ವೇದಿಕೆಯ ಮೇಲೆ ಕುಣಿಯುತ್ತಿದ್ದ ಯುವತಿ ಹೀಗೇ ಗುಂಡು ತಗುಲಿ ಸತ್ತಳು. ಆ ವಿಡಿಯೋ ದೇಶವೆಲ್ಲ ಓಡಾಡಿತ್ತು. 2019ರ ಡಿಸೆಂಬರ್‌ನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದಾಗ ‘ಸಂಭ್ರಮದ ಗುಂಡು’ ಅನ್ನುವುದೇ ಒಂದು ಪ್ರತ್ಯೇಕ ಅಪರಾಧವಾಯಿತು: ಇನ್ನೊಬ್ಬರ ಜೀವಕ್ಕೆ ಅಪಾಯ ಆಗುವಂತೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುಂಡು ಯಾರಿಗಾದರೂ ತಗುಲಲೇಬೇಕು ಅಂತೇನಿಲ್ಲ. ‘ಕುಡಿದಿದ್ದೆ, ಗೊತ್ತಾಗಲಿಲ್ಲ’ ಅನ್ನುವ ಮಾತಿಗೂ ಬೆಲೆ ಇಲ್ಲ. ತಾನಾಗಿಯೇ ಕುಡಿದವನಿಗೆ, ಕುಡಿಯದಿದ್ದಾಗ ಇರುತ್ತಿದ್ದ ತಿಳಿವಳಿಕೆಯೇ ಇತ್ತು ಅಂತ ಕಾನೂನು ಲೆಕ್ಕ ಹಾಕುತ್ತದೆ. ಹಳೇ ಐಪಿಸಿಯಲ್ಲಿ 86ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 24.

ಮದ್ಯ ಕೊಡುವ ಜಾಗದ ಪಿಸ್ತೂಲ್ ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ದೇಶದ ದೊಡ್ಡ ಉದಾಹರಣೆ ಜೆಸ್ಸಿಕಾ ಲಾಲ್. ಸಿನಿಮಾ ನೋಡಿರುತ್ತೀರಿ. 1999ರ ಏಪ್ರಿಲ್ 29ರ ರಾತ್ರಿ, ದೆಹಲಿಯ ಮೆಹ್ರೌಲಿಯ ಟ್ಯಾಮರಿಂಡ್ ಕೋರ್ಟ್. ಬಾರ್ ಮುಚ್ಚಿದ ಮೇಲೆ ಬಂದ ಮನು ಶರ್ಮಾ ಡ್ರಿಂಕ್ ಕೇಳಿದ, ಇಲ್ಲ ಅಂದರು. ಮೊದಲ ಗುಂಡು ಮೇಲ್ಛಾವಣಿಗೆ, ಎರಡನೆಯದು ಜೆಸ್ಸಿಕಾಗೆ. 2006ರ ಫೆಬ್ರವರಿಯಲ್ಲಿ ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಜೀವಾವಧಿ ಕೊಟ್ಟಿತು, 2010ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜನ ಮರೆಯುವ ಒಂದು ವಿವರ ಏನೆಂದರೆ ಅವನ ಹೆಸರಿನಲ್ಲಿ .22 ಪಿಸ್ತೂಲಿನ ಲೈಸೆನ್ಸ್ ಇತ್ತು. ಕಳ್ಳ ಪಿಸ್ತೂಲ್ ಹಿಡಿದ ಗೂಂಡಾನ ಕಥೆಯಲ್ಲ ಅದು.

ಕರ್ನಾಟಕದಲ್ಲಿ ಬಂದೂಕಿನ ಮಾತು ಬಂದಾಗ ಕೊಡಗನ್ನು ಬಿಟ್ಟು ಮಾತಾಡುವಂತಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಪೂಜೆ, ಕಡಂಬುಟ್ಟು, ಪಂದಿಕರಿ, ಜೊತೆಗೆ ಗ್ಲಾಸು, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಬಂದೂಕೂ ಇದೆ, ಮದ್ಯವೂ ಇದೆ. ಹಾಗಾದರೆ ಹೇಗೆ? ಬೆಂಗಳೂರಿನ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ವಿರಾಜಪೇಟೆ ಕಡೆಯ ಹುಡುಗನನ್ನು ಕೇಳಿದೆ. ಅವರ ಮನೆಯಲ್ಲಿ ಗುರಿ ಇಡುವವರು ಸ್ಪರ್ಧೆ ಮುಗಿದು ತೋಕ್ ಒಳಗೆ ಹೋಗುವವರೆಗೆ ಗ್ಲಾಸ್ ಮುಟ್ಟುವ ಹಾಗಿಲ್ಲವಂತೆ, ಅಜ್ಜನ ಕಟ್ಟಪ್ಪಣೆ. “ಅಜ್ಜ ಬಂದೂಕಿಗೆ ಕಾಲು ತಾಗಿಸಲೂ ಬಿಡಲ್ಲ, ಕುಡಿದ ಕೈ ಹಾಕಲು ಬಿಡ್ತಾರಾ?” ಅಂದ. ವಿನಾಯಿತಿ ಇರುವವರ ಮನೆಯಲ್ಲಿ ಇಷ್ಟು ಶಿಸ್ತು. ಲೈಸೆನ್ಸ್ ಕಾಗದ ಕೈಯಲ್ಲಿರುವ ನಮ್ಮವರಿಗೆ ಅದೇ ಕಾಗದ ಸಾಕು ಅನ್ನಿಸಿಬಿಟ್ಟಿದೆ.

ಪ್ರಾಜೆಕ್ಟ್ ಕೆಲಸಕ್ಕೆ ಕೆಲವು ತಿಂಗಳು ಡಲ್ಲಾಸ್ ಹತ್ತಿರ ಇದ್ದಾಗ ಒಂದು ರೆಸ್ಟೋರೆಂಟಿನ ಬಾಗಿಲಲ್ಲಿ ಕೆಂಪಕ್ಷರದಲ್ಲಿ 51% ಅಂತ ದೊಡ್ಡ ಬೋರ್ಡು ನೋಡಿ ಡಿಸ್ಕೌಂಟ್ ಅಂದುಕೊಂಡಿದ್ದೆ. ಅಲ್ಲೇ ನೆಲೆಸಿರುವ ಹುಬ್ಬಳ್ಳಿಯ ಗೆಳೆಯ ನಕ್ಕು ಹೇಳಿದ. ಟೆಕ್ಸಾಸ್‌ನಲ್ಲಿ ಯಾವ ಜಾಗದ ಆದಾಯದ ಶೇ. 51 ಅಥವಾ ಹೆಚ್ಚು ಭಾಗ ಅಲ್ಲೇ ಕುಡಿಯಲು ಕೊಡುವ ಮದ್ಯದಿಂದ ಬರುತ್ತದೋ ಅಲ್ಲಿಗೆ ಕೈಬಂದೂಕು ಒಯ್ಯುವಂತಿಲ್ಲ. ಬೋರ್ಡು ಅದಕ್ಕೆ. ಬಂದೂಕಿನ ವಿಷಯದಲ್ಲಿ ಅಷ್ಟು ಸಡಿಲ ಅನ್ನಿಸುವ ರಾಜ್ಯದಲ್ಲೂ ಬಾರಿನ ಬಾಗಿಲಲ್ಲಿ ಗೆರೆ ಇದೆ. ಅರಿಜೋನಾದಲ್ಲಿ 2009ರಿಂದ ಬೇರೆ ಪದ್ಧತಿ: ಪರ್ಮಿಟ್ ಇರುವವರು ಆಯುಧದೊಂದಿಗೆ ಬಾರಿಗೆ ಹೋಗಬಹುದು, ಆದರೆ ಕುಡಿಯುವಂತಿಲ್ಲ. ಮಾಲೀಕ ಬೇಡ ಅಂತ ಬೋರ್ಡು ಹಾಕಿದರೆ ಒಳಗೇ ಹೋಗುವಂತಿಲ್ಲ.

ನನಗೆ ಟೆಕ್ಸಾಸ್ ಲೆಕ್ಕವೇ ಸರಿ ಅನ್ನಿಸುತ್ತದೆ. ಯಾರು ಎಷ್ಟು ಕುಡಿದರು ಅಂತ ಟೇಬಲ್ ಟೇಬಲ್ಲಿಗೆ ಹೋಗಿ ನೋಡುವವರು ಯಾರು, ಆ ವೇಟರ್ ಹುಡುಗನೇ? ಬಾಗಿಲಲ್ಲಿ ಒಂದೇ ಸಲ ಕೇಳಿದರೆ ಮುಗಿಯಿತು. ನಮ್ಮ ಲೈಸೆನ್ಸ್ ಷರತ್ತಿನ ಪಟ್ಟಿಯಲ್ಲಿ ಜಾತ್ರೆ, ಕಾಲೇಜಿನ ಪಕ್ಕ ‘ಮದ್ಯ ಪೂರೈಸುವ ಸ್ಥಳ’ ಅಂತ ಎರಡು ಮೂರು ಪದ ಸೇರಿಸಲು ದೊಡ್ಡ ಚರ್ಚೆಯೇನೂ ಬೇಕಾಗಿಲ್ಲ.

‘ನನಗೆ ಜೀವ ಬೆದರಿಕೆ ಇದೆ, ಪಿಸ್ತೂಲ್ ಬಿಟ್ಟು ಹೇಗೆ ಹೋಗಲಿ?’ ಅನ್ನುವವರಿದ್ದಾರೆ. ಕೆಲವರಿಗೆ ಬೆದರಿಕೆ ನಿಜವಾಗಿಯೂ ಇರುತ್ತದೆ. ಅಂಥವರು ಸೋಡಾ ಕುಡಿಯಲಿ. ಬೆದರಿಕೆ ಇರುವವರು ಎಚ್ಚರವಾಗಿರಬೇಕಾದ ಹೊತ್ತಿನಲ್ಲಿ ಮಂಪರು ಬರಿಸಿಕೊಳ್ಳುವುದು ಯಾವ ರಕ್ಷಣೆ? ಅಮಲಿನಲ್ಲಿರುವವನ ಸೊಂಟದ ಪಿಸ್ತೂಲನ್ನು ಎದುರಿಗೆ ಬಂದವನೇ ಕಿತ್ತುಕೊಳ್ಳಬಹುದು. ಇನ್ನು ಚುನಾವಣೆ ಬಂದಾಗ ಇದೇ ಜನ ವಾರಗಟ್ಟಲೆ ಆಯುಧವನ್ನು ಠಾಣೆಗೆ ಒಪ್ಪಿಸಿ ಓಡಾಡುವುದನ್ನು ನಾವು ನೋಡಿದ್ದೇವೆ. ಒಂದು ಸಂಜೆ ಮನೆಯಲ್ಲಿಟ್ಟು ಬರುವುದು ಅದಕ್ಕಿಂತ ಕಷ್ಟವಲ್ಲ.

ಆದ್ದರಿಂದ ತೀರ್ಮಾನ ಮನೆಯಲ್ಲೇ ಆಗಬೇಕು, ಷರಾಯಿ ಹಾಕಿಕೊಳ್ಳುವಾಗಲೇ. ಪಾರ್ಟಿಯಲ್ಲಿ ಕುಡಿಯುವ ಸಾಧ್ಯತೆ ಇದ್ದರೆ ಪಿಸ್ತೂಲ್ ಲಾಕರಿನಲ್ಲಿ, ಗುಂಡು ಬೇರೆ ಕಡೆ, ಕೀಲಿ ಹೆಂಡತಿಯ ಸೀರೆ ಕಪಾಟಿನಲ್ಲಿ ಬೇಡ, ಮಕ್ಕಳಿಗೆ ಗೊತ್ತಿರುವ ಜಾಗ ಅದು. ಊರು ಬಿಟ್ಟು ಹೆಚ್ಚು ದಿನ ಹೋಗುವವರು ಪೊಲೀಸ್ ಠಾಣೆಯಲ್ಲೋ ಆಯುಧ ಇಟ್ಟುಕೊಳ್ಳಲು ಪರವಾನಗಿ ಇರುವ ಡೀಲರ್ ಬಳಿಯೋ ಇಟ್ಟು ರಸೀದಿ ಪಡೆಯಬಹುದು. ಬೆಳಗಾವಿಯವರಿಗೆ ಇನ್ನೊಂದು: ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಮುಂಚೆ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಅಂತ ಬರೆದಿರುವ ಸಾಲು ಓದಿ. ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ಘಾಟ್ ದಾಟಿದ ಕೂಡಲೇ ನಿಮ್ಮ ಲೈಸೆನ್ಸಿನ ಪಿಸ್ತೂಲ್ ಲೈಸೆನ್ಸ್ ಇಲ್ಲದ ಪಿಸ್ತೂಲ್.

ಪಾರ್ಟಿ ಇಟ್ಟುಕೊಂಡವರಿಗೂ ಕೆಲಸವಿದೆ. ಟೇಬಲ್ಲಿನಲ್ಲಿ ಎದುರೆದುರು ಹೇಳುವುದು ಕಾಕಾನಂಥವರಿಗೆ ಸಾಧ್ಯ, ನಿಮಗೆ ನನಗೆ ಕಷ್ಟ. ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸುವಾಗಲೇ ಒಂದು ಸಾಲು ಸೇರಿಸಿ: ‘ಡ್ರಿಂಕ್ಸ್ ಇದೆ, ಆಯುಧ ಇರುವವರು ದಯವಿಟ್ಟು ಮನೆಯಲ್ಲಿಟ್ಟು ಬನ್ನಿ, ಕ್ಯಾಬ್ ವ್ಯವಸ್ಥೆ ಇದೆ.’ ಎಲ್ಲರಿಗೂ ಒಂದೇ ಮೆಸೇಜ್, ಯಾರಿಗೂ ಅವಮಾನವಿಲ್ಲ. ಅಷ್ಟಾದ ಮೇಲೂ ಯಾರಾದರೂ ಅಮಲಿನಲ್ಲಿ ಪಿಸ್ತೂಲ್ ಹೊರತೆಗೆದರೆ ವಾದಕ್ಕೆ ಇಳಿಯಬೇಡಿ, ಕಸಿಯಲು ಹೋಗಬೇಡಿ, ವಿಡಿಯೋ ಅಂತೂ ಬೇಡವೇ ಬೇಡ. ಪಕ್ಕದವರನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಬಿಲ್ ಆಮೇಲೆ ಕೊಟ್ಟರಾಯಿತು.